ಎಳೆ: ಬೆಂಡೆಕಾಯಿಗೆ ಹೊಗಳಿಕೆ, ಹುಡುಗನಿಗೆ ಬೈಗುಳ

ಸಂತೆಯಲ್ಲಿ ಬೆಂಡೆಕಾಯಿ ಆರಿಸುವವರ ಕೈ ನೋಡಿ. ಹೆಬ್ಬೆರಳಿನಿಂದ ತುದಿ ಒತ್ತುತ್ತಾರೆ. ಟಕ್ ಅಂತ ಮುರಿದರೆ ಎಳೆಯದು, ಚೀಲಕ್ಕೆ. ಮುರಿಯದೆ ಬಾಗಿದರೆ ಬಲಿತದ್ದು, ವಾಪಸ್ ರಾಶಿಗೆ. ‘ಎಲ್ಲಾ ಎಳೇದೇ ಅಕ್ಕ, ಮುರೀಬೇಡಿ’ ಅಂತ ಅಂಗಡಿಯವನು ಗೊಣಗುತ್ತಲೇ ಇರುತ್ತಾನೆ.

‘ಎಳೆ’ ಅಂದರೆ ಚಿಕ್ಕ ವಯಸ್ಸಿನ, ಮೃದುವಾದ ಅಂತ ಅರ್ಥ ಹೇಳುತ್ತೇವೆ. ಸರಿ, ಆದರೆ ಸಾಲದು. ಇಡ್ಲಿ ಎಷ್ಟೇ ಮೆತ್ತಗಿದ್ದರೂ ಎಳೆ ಇಡ್ಲಿ ಅನ್ನುವುದಿಲ್ಲ. ಕಳಿತ ಬಾಳೆಹಣ್ಣೂ ಮೆತ್ತಗೇ, ಅದೂ ಎಳೆಯದಲ್ಲ. ಬಿಸಿಲನ್ನೇ ತಗೊಳ್ಳಿ. ಬೆಳಗ್ಗೆ ಏಳು ಗಂಟೆಗೆ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಕಾಯಿಸುವುದು ಎಳೆಬಿಸಿಲಿಗೆ. ಸಂಜೆಯ ಬಿಸಿಲೂ ಅಷ್ಟೇ ಹಿತವಾಗಿರುತ್ತದೆ, ಆದರೆ ಅದನ್ನು ಯಾರೂ ಎಳೆಬಿಸಿಲು ಅನ್ನುವುದಿಲ್ಲ, ಇಳಿಬಿಸಿಲು ಅನ್ನುತ್ತಾರೆ. ಬೆಳಗಿನದು ಇನ್ನು ಏರಬೇಕು, ಸಂಜೆಯದು ಏರಿ ಮುಗಿದಿದೆ. ಹಾಗಾಗಿ ಬರೀ ಮೆತ್ತಗಿದ್ದರೆ ಎಳೆಯದಾಗುವುದಿಲ್ಲ, ಬಲಿಯುವುದು ಇನ್ನೂ ಬಾಕಿ ಇರಬೇಕು.

ಎಳನೀರಿನ ಮಾತೂ ಅದೇ. ಇನ್ನೂ ಕಾಯಿಯಾಗದ ತೆಂಗಿನ ನೀರು ಅದು. ‘ನೀರು ಬೇಕಾ, ಗಂಜಿ ಬೇಕಾ’ ಅಂತ ಕೇಳಿ, ಬೆರಳಿನಿಂದ ತಟ್ಟಿ ನೋಡಿ ಕೆತ್ತುವವನು ನಮ್ಮ ಕಡೆ ಮದ್ದೂರಿನಿಂದ ಬಂದ ಎಳನೀರನ್ನೇ ಮಾರುತ್ತಿರುತ್ತಾನೆ. ಮಂಗಳೂರು ಕಡೆ ಹೋದರೆ ಇದೇ ‘ಬೊಂಡ’, ಉತ್ತರ ಕನ್ನಡದಲ್ಲಿ ‘ಸೀಯಾಳ’. ಇನ್ನು ಧಾರವಾಡದ ಕಡೆಯವರ ಬಾಯಲ್ಲಿ ಎಳೆ ‘ಎಳಿ’ ಆಗುತ್ತದೆ. ಊಟದ ಜೊತೆ ಕಚ್ಚೋದಕ್ಕೆ ‘ಎಳಿ ಸವತಿಕಾಯಿ’ ಇರಲೇಬೇಕು.

ಅಕ್ಕಪಕ್ಕದ ಭಾಷೆಗಳಲ್ಲೂ ಇದರ ಬಂಧುಗಳಿವೆ. ತಮಿಳಿನಲ್ಲಿ ಇಳಮೈ ಅಂದರೆ ಹರೆಯ, ಇಳನೀರ್ ಅಂದರೆ ಎಳನೀರು. ಅವರ ಇಲೈ ನಮ್ಮಲ್ಲಿ ಎಲೆ ಇದ್ದಹಾಗೆ, ಅವರ ಇಳ ನಮ್ಮಲ್ಲಿ ಎಳ. ತೆಲುಗಿನ ‘ಲೇತ’ ಕೂಡ ಇದೇ ಮನೆತನದ್ದು. ಆದರೆ ನೂಲಿನ ಎಳೆಯನ್ನೂ ಹಗ್ಗ ಎಳೆಯುವುದನ್ನೂ ಇದರ ಜೊತೆ ಸೇರಿಸಬೇಡಿ. ಹಗ್ಗ ಎಳೆಯುವ ‘ಎಳೆ’ಯನ್ನು ಹಳಗನ್ನಡದಲ್ಲಿ ೞ ಹಾಕಿ ಬರೆಯುತ್ತಿದ್ದರು. ಆ ಅಕ್ಷರ ಬಿದ್ದುಹೋಗಿ ಎಲ್ಲಾ ಒಂದೇ ಥರ ಕೇಳಿಸುತ್ತಿದೆ, ಅಷ್ಟೇ.

ಮನುಷ್ಯರ ವಿಷಯಕ್ಕೆ ಬಂದರೆ ಹುಷಾರಾಗಿರಬೇಕು. ಎಳೆಮಗು, ಎಳಗೂಸು, ಎಳವೆ, ಎಳೆಯರು: ಇವೆಲ್ಲ ಮುದ್ದಿನ ಮಾತುಗಳು. ಮೀಸೆ ಚಿಗುರುವ ಹೊತ್ತಿಗೆ ಎಳವೆ ಮುಗಿದು ಹರೆಯ ಶುರುವಾಗುತ್ತದೆ. ಹರೆಯದ ಹುಡುಗನಿಗೆ ‘ಪ್ರಾಯದವನು’ ಅಂದರೆ ಎದೆ ಉಬ್ಬಿಸುತ್ತಾನೆ, ‘ಎಳಸು’ ಅಂದರೆ ಜಗಳಕ್ಕೇ ಬರುತ್ತಾನೆ. ಬುದ್ಧಿ ಬಲಿತಿಲ್ಲ, ಅನುಭವ ಸಾಲದು, ಸುಮ್ನೆ ಹಾರಾಡುತ್ತಾನೆ, ಇಷ್ಟೂ ಆ ಮೂರಕ್ಷರದಲ್ಲಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರೊಬ್ಬರು ನನ್ನ ಬರಹ ಓದಿ ‘ಸ್ವಲ್ಪ ಎಳಸಾಯ್ತು’ ಅಂದಿದ್ದರು. ವಾರಗಟ್ಟಲೆ ಚುಚ್ಚಿತು. ಈಗ ಓದಿದರೆ ಅವರು ‘ಸ್ವಲ್ಪ’ ಅಂದಿದ್ದೇ ಜಾಸ್ತಿ ದಾಕ್ಷಿಣ್ಯ ಅನಿಸುತ್ತದೆ. ಅಂದಹಾಗೆ ಹಳೆಯ ಕಾವ್ಯಗಳಲ್ಲಿ ‘ಎಳಸು’ ಸಿಕ್ಕರೆ ಗಾಬರಿಯಾಗಬೇಡಿ. ಅಲ್ಲಿ ಅದು ಬಯಸು ಅನ್ನುವ ಬೇರೆಯೇ ಪದ.

ನನಗೆ ಇಷ್ಟವಾದ ಇನ್ನೊಂದು ಪದ ಪೇಟೆಯಲ್ಲಿ ಕೇಳಿಸುವುದೇ ಇಲ್ಲ: ಎಳಗಂದಿ. ಹೊಸದಾಗಿ ಕರು ಹಾಕಿದ ಹಸು ಅಥವಾ ಎಮ್ಮೆ ಅಂತ ಅರ್ಥ. ಎಳೆಯದು ಕರು, ಹೆಸರು ತಾಯಿಗೆ. ಹಸುವಿಗೆ ಅದು ಎಂಟನೆಯ ಕರುವಾಗಿರಲಿ, ಕೊಂಬು ಒರಟಾಗಿರಲಿ, ಕರು ಎಳೆಯದಿರುವಷ್ಟು ದಿನ ಅವಳು ಎಳಗಂದಿಯೇ. ಅಕ್ಕಪಕ್ಕದವರು ಚೊಂಬು ಹಿಡಿದು ಗಿಣ್ಣದ ಹಾಲು ಕೇಳಿಕೊಂಡು ಬರುವುದು ಅವಳ ಕೊಟ್ಟಿಗೆಗೇ.