ಹಕ್ಕಿ ನೋಡಲು ಮೊದಲ ಸಲ ವಿದೇಶಕ್ಕೆ: ಯಾವ ದೇಶಕ್ಕೆ ಹೋಗಬೇಕು?

ಪ್ರಶ್ನೆ: ನಾನು ಮಂಡ್ಯದವನು. ಕೆಲಸದಿಂದ ನಿವೃತ್ತಿಯಾದ ಮೇಲೆ ಹಕ್ಕಿ ನೋಡುವ ಹುಚ್ಚು ಹತ್ತಿದೆ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಮೈಸೂರಿನ ಕುಕ್ಕರಹಳ್ಳಿ ಕೆರೆ, ಚಳಿಗಾಲದಲ್ಲಿ ಹದಿನಾರು ಕೆರೆ, ಎಲ್ಲ ಸುತ್ತಿದ್ದೇನೆ. ಮಕ್ಕಳು ‘ಒಂದ್ಸಲ ಫಾರಿನ್ನಿಗೆ ಹೋಗಿ ಬನ್ನಿ ಅಪ್ಪ, ಖರ್ಚು ನಾವು ನೋಡ್ಕೋತೀವಿ’ ಎನ್ನುತ್ತಿದ್ದಾರೆ. ಕೀನ್ಯಾ ಆದೀತೇ? ಮನೆಯವರೂ ಬರುತ್ತಾರೆ. ಅವರಿಗೆ ಹಕ್ಕಿಗಿಂತ ಊರು ನೋಡುವ ಆಸೆ.

ಉತ್ತರ: ಶ್ರೀಲಂಕಾಕ್ಕೆ ಹೋಗಿ. ಕೀನ್ಯಾ ಆಮೇಲೆ.

‘ಅಯ್ಯೋ, ಅದೂ ನಮ್ಮ ಊರಿನ ಹಾಗೇ ಅಲ್ಲವೇ’ ಎಂದು ನಿಮಗೆ ಅನ್ನಿಸಿರಬಹುದು. ಹೌದು, ಹಾಗೇ ಇದೆ, ಹಾಗಿರುವುದಕ್ಕೇ ಅಲ್ಲಿಗೆ ಹೋಗಿ ಎನ್ನುತ್ತಿದ್ದೇನೆ. ಕೀನ್ಯಾದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಮೊದಲ ದಿನ ಬೆಳಿಗ್ಗೆ ಹೋಟೆಲಿನ ಅಂಗಳದಲ್ಲಿ ಕೂತದ್ದು, ಕರೆಂಟು ತಂತಿಯ ಮೇಲೆ ಕೂತದ್ದು, ಊಟದ ಮೇಜಿಗೆ ಹಾರಿ ಬಂದದ್ದು ಎಲ್ಲವೂ ಹೊಸತೇ. ಗೈಡು ಹೆಸರು ಹೇಳುತ್ತಾ ಹೋಗುತ್ತಾರೆ, ನೀವು ಬರೆದುಕೊಳ್ಳುತ್ತಾ ಹೋಗುತ್ತೀರಿ. ಸಂಜೆ ಪಟ್ಟಿ ಉದ್ದವಾಗಿರುತ್ತದೆ, ಆದರೆ ಅದರಲ್ಲಿ ಅರ್ಧ ಹಕ್ಕಿಯ ಮುಖವೂ ನೆನಪಿರುವುದಿಲ್ಲ. ಶ್ರೀಲಂಕಾದಲ್ಲಿ ಹಾಗಾಗುವುದಿಲ್ಲ. ಮಡಿವಾಳ, ಕೆಂಬೂತ, ಕಾಜಾಣ, ಮಿಂಚುಳ್ಳಿ, ಎಲ್ಲ ನಿಮಗೆ ಗೊತ್ತಿರುವ ಮುಖಗಳು. ಅವುಗಳ ನಡುವೆ ಒಂದು ಅಪರಿಚಿತ ಹಕ್ಕಿ ಬಂದರೆ ಯಾರೂ ತೋರಿಸದೆ ಅದು ನಿಮ್ಮ ಕಣ್ಣಿಗೇ ಬೀಳುತ್ತದೆ. ಇಷ್ಟು ವರ್ಷ ಕೆರೆ ಏರಿಯ ಮೇಲೆ ನಿಂತು ನೋಡಿದ್ದಕ್ಕೆ ಅಲ್ಲಿ ಬೆಲೆ ಬರುತ್ತದೆ.

ಆ ದ್ವೀಪದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿಗಳು 30ಕ್ಕೂ ಹೆಚ್ಚಿವೆ. ಕರ್ನಾಟಕದ ಮೂರನೇ ಒಂದರಷ್ಟು ವಿಸ್ತೀರ್ಣದ ನಾಡಿಗೆ ಇದು ದೊಡ್ಡ ಸಂಖ್ಯೆ. ಕಾರಣ ಭೂಗೋಳದಲ್ಲಿದೆ. ಹಿಮಯುಗಗಳಲ್ಲಿ ಸಮುದ್ರದ ನೀರು ಇಳಿದಾಗಲೆಲ್ಲ ಭಾರತಕ್ಕೂ ಲಂಕೆಗೂ ನಡುವೆ ನೆಲ ಎದ್ದು ದಾರಿಯಾಗುತ್ತಿತ್ತು. ಹಕ್ಕಿಗೆ ದಾರಿ ಬೇಕೇ, ಹಾರಿಯೇ ಹೋಗಬಹುದಲ್ಲ ಎನ್ನಬೇಡಿ. ದಟ್ಟ ಮಳೆಕಾಡಿನ ನೆರಳಲ್ಲೇ ಬದುಕುವ ಹಕ್ಕಿ ಬಯಲು ದಾಟುವುದಕ್ಕೂ ಹಿಂಜರಿಯುತ್ತದೆ. ತಮಿಳುನಾಡಿನ ಒಣ ಬಯಲೂ ಉತ್ತರ ಲಂಕೆಯ ಒಣ ಕಾಡೂ ಅಂಥವಕ್ಕೆ ಸಮುದ್ರದಷ್ಟೇ ದೊಡ್ಡ ಅಡ್ಡಿ. ಹೀಗಾಗಿ ನೈರುತ್ಯ ಲಂಕೆಯ ಮಳೆಕಾಡಿಗೆ ಸೇರಿದ ಹಕ್ಕಿಗಳು ಅಲ್ಲೇ ಉಳಿದು, ತಲೆಮಾರುಗಳು ಕಳೆದಂತೆ ನಮ್ಮ ಪಶ್ಚಿಮ ಘಟ್ಟದ ನೆಂಟರಿಗಿಂತ ಬೇರೆಯಾದವು.

ಆ ನೆಂಟಸ್ತನವನ್ನು ಜೋಡಿ ಜೋಡಿಯಾಗಿ ನೋಡುವುದೇ ಅಲ್ಲಿನ ಸೊಗಸು. ಬಂಡೀಪುರದ ರಸ್ತೆಬದಿಯ ಬೂದು ಕಾಡುಕೋಳಿ ನಿಮಗೆ ಗೊತ್ತು. ಲಂಕೆಯ ಕಾಡುಹುಂಜಕ್ಕೆ ಮೈಯೆಲ್ಲ ಕೆಂಪು ಕಿತ್ತಳೆ. ಕೆಂಪು ಜುಟ್ಟಿನ ಮಧ್ಯೆ ಬಣ್ಣ ಬಳಿದಂತೆ ಹಳದಿ ಮಚ್ಚೆ. ಮೈಸೂರಿನ ಸುತ್ತಲ ಕುರುಚಲಿನಲ್ಲಿ ನೀಲಿ ಮುಖದ ಮಲ್ಕೋಹಾ ಕದ್ದು ಓಡಾಡುವುದನ್ನು ನೋಡಿರುತ್ತೀರಿ. ಅಲ್ಲಿನ ಮಲ್ಕೋಹಾಕ್ಕೆ ಮುಖ ಕಡುಗೆಂಪು, ವಾಸ ಮರದ ನೆತ್ತಿಯಲ್ಲಿ. ಇನ್ನು ಕುಟ್ರಹಕ್ಕಿ. ಕುಕ್ಕರಹಳ್ಳಿಯಲ್ಲಿ ಬೆಳಗಿನಿಂದ ‘ಕುಟ್ರೂ ಕುಟ್ರೂ’ ಎನ್ನುವ ಹಕ್ಕಿಯನ್ನು ಕಣ್ಣು ಮುಚ್ಚಿ ಗುರುತಿಸುತ್ತೀರಲ್ಲ, ಅದೇ ಕಿವಿಗೆ ಹಳದಿ ಹಣೆಯ ಲಂಕೆಯ ಕುಟ್ರಹಕ್ಕಿ ಕೂಗಿದರೆ, ಇದು ನಮ್ಮದರ ಪೈಕಿಯೇ, ಆದರೆ ನಮ್ಮದಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಕೀನ್ಯಾದಲ್ಲಿ ಈ ಸುಖ ಸಿಗಬೇಕಾದರೆ ಅಲ್ಲಿಗೆ ನಾಲ್ಕೈದು ಸಲ ಹೋಗಬೇಕು.

ಹೋದಮೇಲೆ ಎರಡು ದಿನವನ್ನಾದರೂ ಸಿಂಹರಾಜ ಕಾಡಿಗೆ ಇಡಿ, ಮೂರಾದರೆ ಇನ್ನೂ ಒಳ್ಳೆಯದು. 1988ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮಳೆಕಾಡು ಅದು. ಮೊದಲ ಅರ್ಧ ಗಂಟೆ ನಿಮಗೆ ಬೇಸರವೇ ಆಗಬಹುದು. ರಂಗನತಿಟ್ಟಿನಲ್ಲಿ ದೋಣಿ ಹತ್ತಿದರೆ ನಡುಗಡ್ಡೆ ತುಂಬ ಹಕ್ಕಿ. ಇಲ್ಲಿ ಹಸಿರು ಬಿಟ್ಟರೆ ಏನೂ ಇಲ್ಲ, ಒಂದು ಚಿಲಿಪಿಲಿಯೂ ಇಲ್ಲ. ಆಮೇಲೆ ಎಲ್ಲಿಂದಲೋ ಗಲಾಟೆ ಶುರು. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಪೊದೆ ಕೆದಕುತ್ತಾ ಬರುತ್ತವೆ. ಅವುಗಳ ಮೇಲ್ಗಡೆ ಜುಟ್ಟಿನ ಕಾಜಾಣ. ಹಿಂದೆಯೇ ಮರಕುಟಿಕ, ಪಿಕಳಾರ, ನೊಣಹಿಡುಕ, ಕೆಂಪು ಮುಖದ ಮಲ್ಕೋಹಾ, ಅದೃಷ್ಟವಿದ್ದರೆ ಕಡುನೀಲಿ ಮೈಯ, ಇಟ್ಟಿಗೆ ಬಣ್ಣದ ತಲೆಯ, ಹವಳದಂಥ ಕೊಕ್ಕಿನ ನೀಲಿ ಮಟಪಕ್ಷಿ. ಹತ್ತಾರು ಜಾತಿಗಳು ಒಂದೇ ಗುಂಪಾಗಿ, ಒಂದೇ ದಿಕ್ಕಿಗೆ ಹುಳ ಹುಡುಕುತ್ತಾ ಸಾಗುತ್ತವೆ. ಹರಟೆಮಲ್ಲ ಎಬ್ಬಿಸಿದ ಹುಳವನ್ನು ಕಾಜಾಣ ಗಾಳಿಯಲ್ಲೇ ಹಿಡಿಯುತ್ತದೆ. ಪ್ರತಿಯಾಗಿ ಗಿಡುಗ ಬಂದರೆ ಮೊದಲು ಕೂಗಿ ಎಚ್ಚರಿಸುವುದೂ ಅದೇ. ಅಷ್ಟೇ ಅಲ್ಲ, ಗುಂಪು ಚದುರಿದ್ದರೆ ಉಳಿದ ಹಕ್ಕಿಗಳ ದನಿಯನ್ನೇ ಅನುಕರಿಸಿ ಎಲ್ಲರನ್ನೂ ಮತ್ತೆ ಕೂಡಿಸುತ್ತದೆ ಎಂಬುದನ್ನು ಇದೇ ಕಾಡಿನಲ್ಲಿ ಕೆಲಸ ಮಾಡಿದ ಸಂಶೋಧಕರು ತೋರಿಸಿದ್ದಾರೆ. ಐದಾರು ನಿಮಿಷದಲ್ಲಿ ಗುಂಪು ದಾಟಿಹೋಗಿ ಕಾಡು ಮತ್ತೆ ಖಾಲಿ. ಆ ಐದು ನಿಮಿಷ ಕ್ಯಾಮೆರಾ ಕೆಳಗಿಟ್ಟು ಬೈನಾಕ್ಯುಲರಿನಲ್ಲೇ ನೋಡಿ. ಎರಡೂ ಮಾಡಲು ಹೊರಟರೆ ಫೋಟೋದಲ್ಲಿ ಬರೀ ಎಲೆ ಸಿಗುತ್ತದೆ.

ಇದೇ ಕಾಡಿನ ಇನ್ನೊಂದು ಕಥೆ ಹೇಳಲೇಬೇಕು. ಲಂಕೆಯ ಪಕ್ಷಿತಜ್ಞ ದೀಪಲ್ ವಾರಕಗೊಡ 1995ರಲ್ಲಿ ಕಿತುಲ್ಗಲದ ಕಾಡಿನಲ್ಲಿ ಗುರುತು ಸಿಗದ ಒಂದು ಕೂಗು ಕೇಳಿದರು. ಅದರ ಬೆನ್ನು ಬಿದ್ದವರಿಗೆ 2001ರ ಜನವರಿಯಲ್ಲಿ ಸಿಂಹರಾಜದಲ್ಲಿ ಹಕ್ಕಿಯೇ ಕಾಣಿಸಿತು: ಕೆಂಗಂದು ಬಣ್ಣದ ಪುಟ್ಟ ಗೂಬೆ. 2004ರಲ್ಲಿ ಸೆರೆಂಡಿಬ್ ಗೂಬೆ ಎಂದು ವಿಜ್ಞಾನಕ್ಕೆ ಪರಿಚಯವಾಯಿತು. ಲಂಕೆಯಲ್ಲಿ ಹೊಸ ಹಕ್ಕಿ ಪತ್ತೆಯಾಗಿ ಅಷ್ಟರಲ್ಲಿ 130 ವರ್ಷಕ್ಕೂ ಹೆಚ್ಚು ಕಳೆದಿತ್ತು. ಗೈಡ್ ಗೊತ್ತುಮಾಡಿಕೊಳ್ಳುವಾಗ ಈ ಗೂಬೆಯ ವಿಚಾರವನ್ನೇ ಕೇಳಿ ಪರೀಕ್ಷೆ ಮಾಡಿ. ‘ಗ್ಯಾರಂಟಿ ತೋರಿಸ್ತೀನಿ’ ಎಂದವರನ್ನು ಬಿಡಿ. ‘ಹಗಲು ಕೂರುವ ಜಾಗ ಬದಲಾಗುತ್ತಿರುತ್ತದೆ, ಅಲ್ಲಿನ ಸ್ಥಳೀಯರನ್ನು ಕೇಳಿಕೊಂಡು ಹುಡುಕಬೇಕು’ ಎಂದವರನ್ನು ಹಿಡಿದುಕೊಳ್ಳಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದು ಬೇಡ ಎಂದು ಮೊದಲೇ ಹೇಳಿಬಿಡಿ. ದಿನಕ್ಕೆ ಹತ್ತು ಜನ ಹೀಗೆ ಕರೆದರೆ ಆ ಹಕ್ಕಿ ಊಟ, ಗೂಡು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತಾ ತಿರುಗಬೇಕಾಗುತ್ತದೆ. ಕಾರು ಓಡಿಸುವವರು ‘ನನಗೂ ಹಕ್ಕಿ ಗೊತ್ತು’ ಎಂದರೆ ಅದು ಬೇರೆ ವಿಷಯ, ಹಕ್ಕಿ ಗೈಡು ಬೇರೆ. ಸಿಂಹರಾಜದೊಳಗೆ ಹೇಗೂ ಅಲ್ಲಿನ ಗೈಡನ್ನು ಕರೆದುಕೊಂಡೇ ಹೋಗಬೇಕು.

ಎಲ್ಲಿ ಕಡಿಮೆ ಮಾಡಬಹುದು ಎಂದರೆ ದಕ್ಷಿಣ ಕರಾವಳಿಯ ಬುಂಡಲದಂಥ ಜೌಗುಗಳಲ್ಲಿ. ಚೆನ್ನಾಗಿಯೇ ಇವೆ, ಬೇಡವೆನ್ನುತ್ತಿಲ್ಲ. ಆದರೆ ಬಣ್ಣದ ಕೊಕ್ಕರೆ, ಬಾಯಿಕಳಕ, ಹೆಜ್ಜಾರ್ಲೆ ನೋಡಲು ಮಂಡ್ಯ ಜಿಲ್ಲೆಯವರು ಸಮುದ್ರ ದಾಟಬೇಕೇ? ನುವಾರ ಎಲಿಯ ಬೆಟ್ಟದ ಊರಿಗೆ ಮಾತ್ರ ಎರಡು ರಾತ್ರಿ ಕೊಡಿ. ಊರ ಮಧ್ಯದ ವಿಕ್ಟೋರಿಯಾ ಪಾರ್ಕಿನ ಕೊಳಕು ಮೋರಿಯ ಪಕ್ಕದಲ್ಲೇ ಚಳಿಗಾಲಕ್ಕೆ ಬಂದ ನವರಂಗ ಕುಪ್ಪಳಿಸುತ್ತಿರುತ್ತದೆ. ಕಾಶ್ಮೀರದ ನೊಣಹಿಡುಕವೂ ಅಲ್ಲಿಗೆ ಬರುತ್ತದೆ, ಆದರೆ ಅದಕ್ಕೆ ನಮ್ಮ ಊಟಿಯೂ ಸಾಕು. ನಸುಕಿಗೇ ಹೊರಟು ಹಾರ್ಟನ್ ಪ್ಲೇನ್ಸ್‌ಗೆ ಹೋದರೆ ಲಂಕೆಯ ಸಿಳ್ಳಾರ ಹಕ್ಕಿ ಕಾಣುವ ಅವಕಾಶ ಇದೆ. ಎರಡು ಸಾವಿರ ಮೀಟರಿಗಿಂತ ಎತ್ತರದ ಜಾಗ, ಸ್ವೆಟರ್ ಮರೆಯಬೇಡಿ.

ಕಾಲ ಜನವರಿಯಿಂದ ಮಾರ್ಚ್. ಆಗ ನೈರುತ್ಯ ಭಾಗದಲ್ಲಿ ಮಳೆ ಕಡಿಮೆ, ಉತ್ತರದಿಂದ ಬಂದ ವಲಸೆ ಹಕ್ಕಿಗಳೂ ಇರುತ್ತವೆ. ತೊಂದರೆ ಏನೆಂದರೆ ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಲ್ಲಿ ಗೂಡು ತುಂಬಿರುವುದೂ ಆಗಲೇ. ಮಳೆ ಕಡಿಮೆ ಎಂದರೂ ಸಿಂಹರಾಜದಲ್ಲಿ ಜಿಗಣೆ ಇದ್ದೇ ಇರುತ್ತದೆ. ಮೊಣಕಾಲಿನವರೆಗೆ ಬರುವ ಬಟ್ಟೆಯ ಜಿಗಣೆ ಕಾಲುಚೀಲ ತೆಗೆದುಕೊಂಡು ಹೋಗಿ.

ಮನೆಯವರ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಇಂಥ ಪ್ರವಾಸ ಕೆಡುವುದು ಸಾಮಾನ್ಯವಾಗಿ ಅಲ್ಲೇ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕಾಡಿನಲ್ಲಿ ಸುಮ್ಮನೆ ನಿಲ್ಲಿಸಿದರೆ ಮೂರನೇ ದಿನ ಯಾರಿಗಾದರೂ ಸಿಟ್ಟು ಬರುತ್ತದೆ. ಇಬ್ಬರಿಗೂ ಸಲ್ಲುವ ಜಾಗಗಳನ್ನು ಮಧ್ಯೆ ಮಧ್ಯೆ ಸೇರಿಸಿ. ಕ್ಯಾಂಡಿಯ ದಂತ ದೇವಾಲಯವನ್ನು ಅವರು ನೋಡಲಿ, ಪಕ್ಕದ ಪೇರಾದೆಣಿಯ ಸಸ್ಯೋದ್ಯಾನದಲ್ಲಿ ಇಬ್ಬರೂ ಅರ್ಧ ದಿನ ಕಳೆಯಬಹುದು. ಮರದ ತುಂಬ ನೇತಾಡುವ ಬಾವಲಿಗಳನ್ನು ನೋಡಿ ಅವರೂ ನಿಲ್ಲುತ್ತಾರೆ. ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ಸಿಗಿರಿಯ ಇನ್ನೂ ಒಳ್ಳೆಯದು. ಮೆಟ್ಟಿಲು ಹತ್ತಲು ಮಂಡಿ ಒಪ್ಪದಿದ್ದರೆ ಕೆಳಗಿನ ಕಂದಕದ ಸುತ್ತ ನಡೆಯಿರಿ, ಒಣ ಕಾಡಿನ ಹಕ್ಕಿಗಳು, ದಾಂಡೇಲಿಯಲ್ಲಿ ಕಾಣುವ ಅದೇ ಕಪ್ಪು ಬಿಳುಪಿನ ಮಂಗಟ್ಟೆ, ಎಲ್ಲ ಅಲ್ಲೇ ಇವೆ. ಸಾರ್ಕ್ ದೇಶದವರಿಗೆ ಇಂಥ ಪ್ರಾಚೀನ ಸ್ಥಳಗಳಲ್ಲೂ ರಾಷ್ಟ್ರೀಯ ಉದ್ಯಾನಗಳಲ್ಲೂ ಟಿಕೆಟ್ ದರ ಬೇರೆ ಇರುತ್ತದೆ. ಪಾಸ್‌ಪೋರ್ಟ್ ಕೈಯಲ್ಲಿರಲಿ.

ಸಸ್ಯಾಹಾರಿಗಳಾಗಿದ್ದರೆ ಒಂದು ಎಚ್ಚರಿಕೆ. ಅಪ್ಪ, ಇಡಿಯಪ್ಪ, ಕಾಯಿಹಾಲಿನ ಸಾರು, ಅನ್ನ, ಎಲ್ಲ ನಮ್ಮ ನಾಲಿಗೆಗೆ ಒಗ್ಗುತ್ತವೆ. ಆದರೆ ಪಕ್ಕದಲ್ಲಿ ಬಡಿಸುವ, ನೋಡಲು ನಮ್ಮ ಗಟ್ಟಿ ಕಾಯಿ ಚಟ್ನಿಯಂತಿರುವ ‘ಪೊಳ್ ಸಂಬೋಲ’ಕ್ಕೆ ಒಣಮೀನಿನ ಪುಡಿ ಹಾಕುವುದು ಅಲ್ಲಿ ಮಾಮೂಲು. ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ‘ವೆಜಿಟೇರಿಯನ್’ ಎಂದರೆ ಸಾಲದು, ಒಣಮೀನು ಬೇಡ ಎಂದು ಬಿಡಿಸಿ ಹೇಳಬೇಕು. ಟೀ ತೋಟಗಳ ಕಡೆ ತಮಿಳು ನಡೆಯುತ್ತದೆ, ನಮ್ಮ ಕಡೆಯವರಿಗೆ ಅದು ಅನುಕೂಲ.

ಕಾಗದಪತ್ರದ ಮಾತು. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದಿದ್ದರೆ ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಎಂಬ ಪ್ರಯೋಗ 2017ರಲ್ಲಿ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರೂ ಒಂದು. ಹೆಸರಿನ ಇನಿಶಿಯಲ್ ಆಧಾರಿನಲ್ಲಿ ಒಂದು ಥರ, ಪಿಂಚಣಿ ಕಾಗದದಲ್ಲಿ ಇನ್ನೊಂದು ಥರ ಇದ್ದರೆ ಅದನ್ನು ಮೊದಲು ಸರಿಮಾಡಿಕೊಳ್ಳಿ. ಪ್ರವಾಸದ ದಿನಕ್ಕೆ ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಬೇಕು. ಲಂಕೆಯ ಪ್ರವೇಶ ಪರವಾನಗಿಯ ನಿಯಮ, ಶುಲ್ಕ ಈಚೆಗೆ ಪದೇ ಪದೇ ಬದಲಾಗಿವೆ, ಟಿಕೆಟ್ ಕಾದಿರಿಸುವ ಮುಂಚೆ ಅವರ ಸರ್ಕಾರಿ ವೆಬ್‌ಸೈಟನ್ನೇ ನೋಡಿ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಮೈಸೂರಿನಿಂದ ಫ್ಲೈಬಸ್ ಹತ್ತಿ ಏರ್‌ಪೋರ್ಟ್ ಸೇರುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಕೀನ್ಯಾಕ್ಕೆ ಮುಂದೊಂದು ವರ್ಷ ಹೋಗುವಿರಾದರೆ ಹಳದಿ ಜ್ವರದ ಲಸಿಕೆ ಬೇಕು, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು. ಪ್ರಮಾಣಪತ್ರವಿಲ್ಲದೆ ಹಿಂತಿರುಗಿದರೆ ನಮ್ಮದೇ ಏರ್‌ಪೋರ್ಟಿನಲ್ಲಿ ಹಿಡಿದು ಪ್ರತ್ಯೇಕವಾಗಿ ಇರಿಸಬಹುದು. ವಯಸ್ಸು 60 ದಾಟಿದ್ದರೆ ಲಸಿಕೆಗೆ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಮಧ್ಯೆ ಭೂತಾನ್ ಬೇಕೆನಿಸಿದರೆ ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತೋರಿಸಿ ಪರವಾನಗಿ ಪಡೆಯಬಹುದು, ಜೊತೆಗೆ ರಾತ್ರಿಗೊಂದಿಷ್ಟು ಶುಲ್ಕ. ಫೋಬ್ಜಿಕಾ ಕಣಿವೆಗೆ ಚಳಿಗಾಲದಲ್ಲಿ ಟಿಬೆಟ್ ಕಡೆಯಿಂದ ಬರುವ ಕಪ್ಪು ಕೊರಳಿನ ಕ್ರೌಂಚಗಳಿಗಾಗಿಯೇ ಜನ ಅಲ್ಲಿಗೆ ಹೋಗುತ್ತಾರೆ.

ಹೊರಡುವ ಮುಂಚೆ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪಿನಲ್ಲಿ ಶ್ರೀಲಂಕಾದ ಹಕ್ಕಿಗಳ ಪ್ಯಾಕನ್ನು ಮೊಬೈಲಿಗೆ ಇಳಿಸಿಕೊಂಡು ದಿನಕ್ಕೆರಡು ಹಕ್ಕಿಯ ಕೂಗು ಕೇಳುತ್ತಿರಿ. ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಈ-ಬರ್ಡ್ ವೆಬ್‌ಸೈಟಿನಲ್ಲಿ ಸಿಂಹರಾಜದ ತಿಂಗಳುವಾರು ಪಟ್ಟಿಯನ್ನೂ ನೋಡಿ. ಬೈನಾಕ್ಯುಲರ್ 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂದಿನ ಗಾಜಿನದು) ಇದ್ದರೆ ಮಳೆಕಾಡಿನ ಮಬ್ಬು ಬೆಳಕಿಗೆ ಸರಿಹೋಗುತ್ತದೆ. ದೊಡ್ಡ ಲೆನ್ಸ್ ಒಯ್ಯುವುದಾದರೆ ಹೋಗುವ ದಿನವೇ ಏರ್‌ಪೋರ್ಟಿನ ಕಸ್ಟಮ್ಸ್ ಕೌಂಟರಿನಲ್ಲಿ ಅದನ್ನು ತೋರಿಸಿ, ಸೀರಿಯಲ್ ನಂಬರ್ ಬರೆಸಿ ರಫ್ತು ಪ್ರಮಾಣಪತ್ರ ಪಡೆಯಿರಿ. ಇಲ್ಲವಾದರೆ ಬರುವಾಗ ‘ಇದನ್ನು ಅಲ್ಲೇ ಕೊಂಡಿರಾ?’ ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಲೆನ್ಸಿನ ಹಳೇ ಬಿಲ್ಲು ಇದ್ದರೆ ಅದರ ಒಂದು ಪ್ರತಿಯನ್ನೂ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.