ಹೊಗೆ ಆರಿದ ಮೇಲೆ ತೊಗಲು ಉಳಿಯಬೇಕು

ತೊಗಲಿನ ಘಮ ಕೊಡುವ ಲೆದರ್ ಪರ್ಫ್ಯೂಮಿನ ಬಾಟಲಿಯಲ್ಲಿ ತೊಗಲು ಇರುವುದಿಲ್ಲ. ನಾವು ತೊಗಲಿನದೆಂದು ಗುರುತು ಹಿಡಿಯುವ ಘಮದಲ್ಲಿ ದೊಡ್ಡ ಪಾಲು ಅದನ್ನು ಹದ ಮಾಡಿದ ತೊಗಟೆಯದು, ಉಣಿಸಿದ ಎಣ್ಣೆಯದು. ಶಿರಾ, ಪಾವಗಡದ ಬಯಲಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯಿಂದಲೂ ಚರ್ಮ ಹದ ಮಾಡುತ್ತಾರೆ. ಆ ತೊಗಲಿನಲ್ಲಿ ಹೊಗೆಯ ಸುಳಿವಿಲ್ಲ. ರಷ್ಯಾದವರು ಬರ್ಚ್ ಮರದ ಟಾರ್ ಎಣ್ಣೆ ಉಣಿಸುತ್ತಿದ್ದರು. ಸಣ್ಣ ಕಂಪನಿಗಳು ಆಯ್ದ ಗಿರಾಕಿಗಳಿಗೆಂದು ಮಾಡುವ, ಹೊಗೆಯಾಡುವ ನಿಶ್ ಪರ್ಫ್ಯೂಮ್‌ಗಳು ಹಿಡಿದಿರುವುದು ಆ ದಾರಿಯನ್ನು.

ಬರ್ಚ್ ತೊಗಟೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಸಿದರೆ ಕಪ್ಪು ದ್ರವ ಇಳಿಯುತ್ತದೆ, ಅದೇ ಟಾರ್. ಅದರೊಳಗಿನ ಗ್ವಾಯಕಾಲ್ ಸೌದೆ ಹೊಗೆಯ ವಾಸನೆ ಕೊಡುತ್ತದೆ. ಕ್ರೆಸಾಲ್‌ಗಳು ಕೊಟ್ಟಿಗೆ ಮತ್ತು ಫಿನಾಯಿಲ್ ಕಡೆಗೆ ಎಳೆಯುತ್ತವೆ. ಅಳತೆ ತಪ್ಪಿದ ಲೆದರ್ ಆಸ್ಪತ್ರೆ ವಾರ್ಡಿನಂತೆ ನಾರುವುದು ಇದೇ ಕಾರಣಕ್ಕೆ. ಕಚ್ಚಾ ಟಾರ್ ನಮ್ಮ ಮೈಚರ್ಮಕ್ಕೂ ಒಳ್ಳೆಯದಲ್ಲ. ಅದರಲ್ಲಿ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳಿರುತ್ತವೆ. ಪರ್ಫ್ಯೂಮಿಗೆ ಶುದ್ಧೀಕರಿಸಿದ ಟಾರ್ ಮಾತ್ರ ಬಳಸಬೇಕು.

ಆದರೆ ಹೊಗೆಯೊಂದೇ ಲೆದರ್ ಆಗುವುದಿಲ್ಲ. ನನ್ನ ಪ್ರಕಾರ ಲೆದರಿನ ಜೀವಾಳ ಐಸೊಬ್ಯುಟೈಲ್ ಕ್ವಿನೊಲಿನ್ ಎಂಬ ಕೃತಕ ಘಮವಸ್ತು: ಹಸಿರು, ಕಹಿ, ಸ್ವಲ್ಪ ಮಣ್ಣು. 1944ರಲ್ಲಿ ಫ್ರಾನ್ಸಿನ ಪರ್ಫ್ಯೂಮ್ ತಯಾರಕಿ ಜರ್ಮೇನ್ ಸೆಲಿಯೆ ಮಾಡಿದ 'ಬಾಂದಿ' ಪರ್ಫ್ಯೂಮಿನ ಗಡಸುತನ ಇದರಿಂದಲೇ ಬಂದದ್ದು. ಇದಿಲ್ಲದಿದ್ದರೆ ಮೂಗಿಗೆ ಸಿಗುವುದು ಬೆಂಕಿ ಹಾಕಿದ ಜಾಗ, ತೊಗಲಲ್ಲ. ಇವುಗಳ ಕೆಳಗೆ ಲ್ಯಾಬ್ಡನಮ್ ಎಂಬ ಪೊದೆಗಿಡದ ಅಂಟು ಮೈ ತುಂಬುತ್ತದೆ. ಹಿಂದೆ ಬೀವರ್ ಪ್ರಾಣಿಯಿಂದ ತೆಗೆಯುತ್ತಿದ್ದ ಕ್ಯಾಸ್ಟೋರಿಯಂ ಬದಲು ಈಗ ಹೆಚ್ಚಾಗಿ ಕೃತಕ ಮಿಶ್ರಣ ಹಾಕುತ್ತಾರೆ. ಹುಲ್ಲಿನಂಥ ಗಿಡದ ಗಡ್ಡೆಯಿಂದ ತೆಗೆಯುವ ನಮ್ಮ ನಾಗರಮೋಥಾ ಎಣ್ಣೆ ಹೊಗೆ, ಮರ, ತೊಗಲು ಮೂರನ್ನೂ ಬೆಸೆಯುತ್ತದೆ. ಇದನ್ನು ಇನ್ನೂ ಧಾರಾಳವಾಗಿ ಬಳಸಬಹುದು ಅನ್ನಿಸುತ್ತದೆ.

ಬೆರೆಸಿ ನೋಡುವವರು ಟಾರ್ ಮತ್ತು ಕ್ವಿನೊಲಿನ್ ಎರಡನ್ನೂ ಮೊದಲು ಶೇ. 10ಕ್ಕೆ ತೆಳು ಮಾಡಿಕೊಳ್ಳಿ. 10 ಗ್ರಾಂ ಮಿಶ್ರಣಕ್ಕೆ ತೆಳು ಮಾಡಿದ ಟಾರ್ 0.1 ಗ್ರಾಂ, ಕ್ವಿನೊಲಿನ್ 0.2 ಗ್ರಾಂನಿಂದ ಶುರು ಮಾಡಿ, ಟಾರನ್ನು 0.05 ಗ್ರಾಂನಂತೆ ಏರಿಸಿ. ಹನಿ ಲೆಕ್ಕ ಬೇಡ. ಲ್ಯಾಬ್ಡನಮ್ ಹನಿ ದಪ್ಪ, ತೆಳು ದ್ರವದ ಹನಿ ಸಣ್ಣದು, ಅಳತೆ ಒಂದೊಂದು ಸಲ ಒಂದೊಂದು ಥರ ಬರುತ್ತದೆ. 0.001 ಗ್ರಾಂವರೆಗೆ ತೋರಿಸುವ ತಕ್ಕಡಿಯೇ ಬೇಕು. ಬೆರೆಸಿದ ದಿನ ಟಾರ್ ಒಂದೇ ಎದ್ದು ಕಾಣುತ್ತದೆ. ಒಂದು ವಾರ ಮುಚ್ಚಿಟ್ಟು ಆಮೇಲೆ ಮೂಗಿಗೆ ಹಿಡಿಯಿರಿ. ಮೊದಲ ದಿನವೇ ಟಾರ್ ಜಾಸ್ತಿಯಾಯಿತೆಂದು ಸಿಹಿ ಸುರಿದರೆ ವಾರದ ಹೊತ್ತಿಗೆ ಸಿಹಿಯಷ್ಟೇ ಉಳಿದಿರುತ್ತದೆ.

ಕೊಳ್ಳುವವರು ಸ್ಪ್ರೇ ಮಾಡಿದ ಕೂಡಲೇ ತೀರ್ಮಾನಿಸಬಾರದು. ಕಾಗದದ ಪಟ್ಟಿಗೆ ಒಂದು ಸಲ ಹಾಕಿ ಐದು ನಿಮಿಷಕ್ಕೆ, ಮುಕ್ಕಾಲು ಗಂಟೆಗೆ, ಮಾರನೆಯ ಬೆಳಿಗ್ಗೆ ನೋಡಿ. ಮುಕ್ಕಾಲು ಗಂಟೆಯ ಹೊತ್ತಿಗೆ ಹೊಗೆ ಹಿಂದೆ ಸರಿದು ಕಹಿ ಮುಂದೆ ಬರಬೇಕು. ಬೆಳಿಗ್ಗೆ ವೆನಿಲಾ ಒಂದೇ ಉಳಿದಿದ್ದರೆ ಅದು ಹೊಗೆ ಸವರಿದ ಸಿಹಿ ಪರ್ಫ್ಯೂಮ್. ಲೆದರಿನ ಬೆಲೆ ಕೊಡಬೇಡಿ. ಪಟ್ಟಿ ಒಪ್ಪಿಗೆಯಾದರೆ ಮಾತ್ರ ಮೊಣಕೈ ಒಳಗೆ ಹಾಕಿ ಒಂದು ದಿನ ಬಿಡಿ. ತುರಿಕೆ, ಕೆಂಪು ಕಂಡರೆ ಅಲ್ಲಿಗೇ ನಿಲ್ಲಿಸಿ.

ಏಪ್ರಿಲ್‌ನಲ್ಲಿ ತುಮಕೂರಿನ ಬಿಸಿಲಿಗೆ ಗ್ವಾಯಕಾಲ್, ಕ್ರೆಸಾಲ್‌ನಂಥ ಫೀನಾಲ್‌ಗಳು ಒಮ್ಮೆಲೇ ಏಳುತ್ತವೆ. ಡಿಸೆಂಬರಿನಲ್ಲಿ ಮೂರು ಸ್ಪ್ರೇ ಹಿತವೆನಿಸಿದ್ದು ಆಗ ಬಸ್ಸಿನಲ್ಲಿ ಪಕ್ಕದವರಿಗೆ ತಲೆನೋವು ತರುತ್ತದೆ. ಬೇಸಿಗೆಗೆ ಒಂದೇ ಸಾಕು, ಅದೂ ಅಂಗಿಯ ಒಳಗೆ ಎದೆಗೆ, ಹೊರಡುವ ಅರ್ಧ ಗಂಟೆ ಮುಂಚೆ. ಬಿಳಿ ಅಂಗಿ, ರೇಷ್ಮೆ ಪಂಚೆ ಮೇಲೆ ನೇರ ಹಾಕಬೇಡಿ: ಟಾರ್, ಲ್ಯಾಬ್ಡನಮ್ ಎರಡಕ್ಕೂ ಕಂದು ಬಣ್ಣವಿದೆ, ಕಲೆ ಸುಲಭಕ್ಕೆ ಹೋಗದು.