ಕಾರಿನ ಹಿಂದೆ ಕೂತವರ ಕಥೆ

ಹಳೆ ಕಾರುಗಳ ಪ್ರದರ್ಶನದಲ್ಲಿ ಅಪರೂಪಕ್ಕೆ ಹೀಗೊಂದು ಜೋಡಿ ಕಾಣುತ್ತದೆ. ಮುಂದೆ ಇಬ್ಬರು ಕೂರುವ ಪುಟ್ಟ ಕಾರು, ಹಿಂದೆ ಅದಕ್ಕಿಂತ ಉದ್ದದ ಟ್ರೈಲರ್. ಟ್ರೈಲರ್‌ಗೆ ಕಿಟಕಿ, ಪರದೆ, ಸೋಫಾ ಎಲ್ಲಾ ಉಂಟು. ಆದರೆ ಈಗ ಅದರಲ್ಲಿ ಜನರನ್ನು ಕೂರಿಸಿಕೊಂಡು ರಸ್ತೆಗಿಳಿಯಲು ಬಹಳ ಕಡೆ ಅನುಮತಿ ಇಲ್ಲ. ಖಾಲಿ ಎಳೆದುಕೊಂಡು ಹೋಗಬಹುದು, ಅಷ್ಟೇ. ಒಂದು ಕಾಲಕ್ಕೆ ಸಲೀಸಾಗಿ ಓಡಾಡಿದ್ದ ಗಾಡಿಗೆ ಈ ಗತಿ ಯಾಕೆ ಬಂತು?

ಶುರುವಾಗಿದ್ದು ಕಾರಿನ ಹುಟ್ಟಿನ ಜೊತೆಗೇ. 1894ರ ಪ್ಯಾರಿಸ್–ರುವಾನ್ ಸ್ಪರ್ಧೆಯಲ್ಲಿ ಮೊದಲು ಗುರಿ ಮುಟ್ಟಿದ್ದು ಫ್ರಾನ್ಸಿನ ವಾಹನ ತಯಾರಕ ಡಿ ಡಿಯೋನ್ ಅವರ ಉಗಿ ಗಾಡಿ. ಅದು ತನ್ನ ಹಿಂದೆ ಸಾರೋಟು ಎಳೆದುಕೊಂಡು ಬಂದಿತ್ತು. ಬೆಂಕಿ ನೋಡಿಕೊಳ್ಳಲು ಇನ್ನೊಬ್ಬ ಆಳು ಬೇಕು ಎಂಬ ಕಾರಣಕ್ಕೆ ಮೊದಲ ಬಹುಮಾನ ಮಾತ್ರ ಸಿಗಲಿಲ್ಲ. ಆಮೇಲೆ ಮೋಟಾರು ಟ್ರೈಸಿಕಲ್‌ಗಳ ಹಿಂದೆ ಬೆತ್ತದ ಸೀಟಿನ ಗಾಡಿಗಳು ಬಂದವು. ಅದರಲ್ಲಿ ಕೂತವರಿಗೆ ದಾರಿಯುದ್ದಕ್ಕೂ ಧೂಳು, ಹೊಗೆ. ಸೈಡ್‌ಕಾರ್ ಬಂದ ಮೇಲೆ ಆ ಗಾಡಿಗಳನ್ನು ಕೇಳುವವರಿಲ್ಲ. 1903ರಲ್ಲಿ ಫ್ರಾನ್ಸಿನ ಕರ್ನಲ್ ರೆನಾರ್ ರಸ್ತೆಯ ಮೇಲೇ ರೈಲು ಓಡಿಸಿ ತೋರಿಸಿದರು. ಇಂಜಿನ್ನಿನ ಶಕ್ತಿ ಉದ್ದನೆ ಶಾಫ್ಟ್ ಮೂಲಕ ಪ್ರತಿ ಗಾಡಿಯ ಚಕ್ರಕ್ಕೂ ಹೋಗುತ್ತಿತ್ತು. ಜಾಣ ಉಪಾಯವೇ, ಆದರೆ ಸಿಕ್ಕಾಪಟ್ಟೆ ಜಟಿಲ.

ನಿಜವಾದ ತಿರುವು ಬಂದಿದ್ದು 1920ರ ದಶಕದ ಕೊನೆಯಲ್ಲಿ, ವಿಮಾನ ಕಟ್ಟಿ ಹೆಸರು ಮಾಡಿದ್ದ ಅಮೆರಿಕದ ಗ್ಲೆನ್ ಕರ್ಟಿಸ್ ಅವರಿಂದ. ಅವರ ಟ್ರೈಲರ್ ಹೆಸರು ಏರೋಕಾರ್. ಮೈಯೆಲ್ಲ ಹಗುರ, ವಿಮಾನದ ಹಾಗೇ ಮರದ ಚೌಕಟ್ಟಿಗೆ ತಂತಿ ಬಿಗಿದು ಕಟ್ಟಿದ್ದು. ಒಳಗಿದ್ದವರು ಫೋನಿನಲ್ಲಿ ಚಾಲಕನ ಜೊತೆ ಮಾತಾಡಬಹುದಿತ್ತು.

ಆದರೆ ಅಸಲಿ ವಿಷಯ ಇರುವುದು ಕೊಕ್ಕೆಯಲ್ಲಿ. ಸಾಮಾನ್ಯ ಟ್ರೈಲರನ್ನು ಕಾರಿನ ಬಂಪರ್ ಹತ್ತಿರ, ಅಂದರೆ ಹಿಂದಿನ ಆಕ್ಸಲ್‌ನಿಂದ (ಎರಡು ಚಕ್ರ ಜೋಡಿಸುವ ಅಚ್ಚಿನಿಂದ) ಆಚೆಗೆ ಸಿಕ್ಕಿಸುತ್ತಾರೆ. ಟ್ರೈಲರ್ ಅತ್ತಿತ್ತ ವಾಲಿದರೆ ಸನ್ನೆಕೋಲಿನ ಹಾಗೆ ಕಾರಿನ ಹಿಂಭಾಗವನ್ನೂ ಎಳೆದಾಡುತ್ತದೆ. ಸ್ಪೀಡ್ ಹೆಚ್ಚಿದಷ್ಟೂ ಓಲಾಟ ಜಾಸ್ತಿ. ಕರ್ಟಿಸ್ ಕೊಕ್ಕೆಯನ್ನು ಕಾರಿನ ಒಳಕ್ಕೇ, ಆಕ್ಸಲ್ ಹತ್ತಿರಕ್ಕೆ ತಂದರು. ಡಿಕ್ಕಿಯ ಜಾಗದಲ್ಲಿ ಗಾಳಿ ತುಂಬಿದ ವಿಮಾನದ ಟೈರೊಂದನ್ನು ಅಡ್ಡ ಮಲಗಿಸಿ, ಅದರ ನಡುವೆ ಟ್ರೈಲರಿನ ಗೂಟ ಇಳಿಸಿದರು. ಭಾರ ಸರಿಯಾಗಿ ಕಾರಿನ ಚಕ್ರಗಳ ಮೇಲೆ ಕೂತಿತು, ಕುಲುಕಾಟವನ್ನು ಟೈರು ನುಂಗಿತು.

ಕಾರುಗಳಿಂದ ಶುರುವಾಗಿ ಕೊನೆಗೆ ಟ್ರೈಲರ್‌ಗೆ ಬಂದವರೂ ಇದ್ದಾರೆ. ನ್ಯೂಜಿಲೆಂಡ್ ಮೂಲದ ನೇರ್ನ್ ಸಹೋದರರು 1923ರಲ್ಲಿ ಡಮಾಸ್ಕಸ್–ಬಾಗ್ದಾದ್ ನಡುವಿನ ಮರುಭೂಮಿಯಲ್ಲಿ ಬ್ಯೂಕ್, ಕ್ಯಾಡಿಲಾಕ್ ಕಾರು ಓಡಿಸಿ ವ್ಯಾಪಾರ ಕಟ್ಟಿದರು. 1930ರ ದಶಕದಲ್ಲಿ ಅದೇ ದಾರಿಗೆ ಸ್ಟೀಲ್ ಮೈಯ, ಎಸಿ ಇರುವ ಟ್ರೈಲರ್ ತಂದರು. ಆ ಕಾಲಕ್ಕೆ, ಆ ಬಿಸಿಲಲ್ಲಿ ಎಸಿ!

1933ರ ಷಿಕಾಗೋ ವಿಶ್ವ ಮೇಳದಲ್ಲಿ ಪಕ್ಕ ತೆರೆದ ಟ್ರೈಲರ್ ಬಸ್ಸುಗಳೇ ಜನರನ್ನು ಸುತ್ತಾಡಿಸಿದವು. ಎರಡನೇ ಮಹಾಯುದ್ಧದಲ್ಲಿ ಕಾರು ಸಾಗಿಸುವ ಟ್ರೈಲರ್‌ಗಳಿಗೇ ಸೀಟು ಹಾಕಿ ಕಾರ್ಖಾನೆ ಕೆಲಸಗಾರರನ್ನು ಕರೆದೊಯ್ದರು. ಯುದ್ಧ ಮುಗಿದ ಮೇಲೆ ಗಾಳಿ ಬದಲಾಯಿತು. ಚಾಲಕನ ಕಣ್ಣಿಗೆ ಹಿಂದಿನವರು ಕಾಣುವುದಿಲ್ಲ, ಬ್ರೇಕ್ ಸಾಲದು, ಕೊಂಡಿ ಕಳಚಿದರೆ ಗತಿಯೇನು ಎಂಬ ಭಯ. ಭಯ ಸುಳ್ಳಲ್ಲ. 1960ರಲ್ಲಿ ಪಶ್ಚಿಮ ಜರ್ಮನಿ ಬಸ್ ಟ್ರೈಲರ್‌ನಲ್ಲಿ ಜನ ಸಾಗಿಸುವುದನ್ನೇ ನಿಲ್ಲಿಸಿತು. ಪಕ್ಕದ ಸ್ವಿಟ್ಜರ್ಲೆಂಡ್‌ನಲ್ಲಿ ಅವು ಆರಾಮಾಗಿ ಓಡಾಡಿಕೊಂಡಿದ್ದವು. 2013ರಲ್ಲಿ ಮ್ಯೂನಿಕ್ ನಗರವೇ ವಿಶೇಷ ಅನುಮತಿ ಪಡೆದು ಮತ್ತೆ ಅವನ್ನು ರಸ್ತೆಗೆ ತಂದಿತು. ಒಟ್ಟಿನಲ್ಲಿ, ಬಂಪರಿಗೆ ನೇತುಹಾಕಿದ್ದೂ ಆಕ್ಸಲ್ ಮೇಲೆ ಕೂರಿಸಿದ್ದೂ ಎಷ್ಟೋ ಕಡೆ ನಿಯಮದ ಪುಸ್ತಕದಲ್ಲಿ ಒಂದೇ ಆಗಿಬಿಟ್ಟಿವೆ.

ಏರೋಕಾರ್‌ಗಳಲ್ಲಿ ಉಳಿದಿರುವುದು ಕೆಲವೇ ಕೆಲವು. ಮರದ ಮೈ, ಮಳೆ ಬಿಸಿಲಿಗೆ ಬಿಟ್ಟರೆ ಎಷ್ಟು ದಿನ ತಾನೇ ಬಾಳುತ್ತದೆ? ಹಾಗಾಗಿ ಆ ಕಾಲದ ಕೂಪೆ (ಎರಡು ಬಾಗಿಲಿನ) ಕಾರಿನ ಡಿಕ್ಕಿಯಲ್ಲಿ ಟೈರೊಂದು ಚಪ್ಪಟೆಯಾಗಿ ಮಲಗಿದ್ದು, ನಡುವೆ ಗೂಟದ ತೂತು ಕಂಡರೆ ಸುಮ್ನೆ ಸ್ಟೆಪ್ನಿ ಅಂದುಕೊಂಡು ಮುಂದೆ ಹೋಗಬೇಡಿ.